ಬಾಟಲಿಯ ತಳ ಹಳದಿಯಾದ ಬುಧವಾರ

ರಕ್ತ ಸೋರುವುದನ್ನು ನಿಲ್ಲಿಸುವ ಪ್ಲೇಟ್‌ಲೆಟ್ ಕಣಗಳ ಚೀಲ ಇಡುವ ಕೋಣೆಯಲ್ಲಿ ಒಂದು ಸದ್ದು ಯಾವಾಗಲೂ ಇರುತ್ತದೆ. ಟರ್ಕ್, ಟರ್ಕ್, ಟರ್ಕ್. ಚೀಲಗಳನ್ನು ಮಲಗಿಸಿದ ತಟ್ಟೆಗಳು ಆ ಕಡೆ ಈ ಕಡೆ ಓಲಾಡುವ ಸದ್ದು. ಆ ಯಂತ್ರಕ್ಕೆ ಅಜಿಟೇಟರ್ ಅಂತ ಹೆಸರು. ನಾವು ರಾತ್ರಿ ಪಾಳಿಯವರು ಮಾತ್ರ ತೊಟ್ಟಿಲು ಅಂತೀವಿ. ಮನೆಯ ತೊಟ್ಟಿಲು ನಿಂತರೆ ಮಗು ಏಳುತ್ತದೆ. ನಮ್ಮ ತೊಟ್ಟಿಲು ನಿಂತರೆ ನಾವು ಏಳುತ್ತೇವೆ. ಕರೆಂಟ್ ಹೋಗಿ ಜನರೇಟರ್ ಹಿಡಿಯುವವರೆಗೆ ಜೀವ ಕೈಯಲ್ಲಿ.

ನಾನು ಲ್ಯಾಬ್ ಟೆಕ್ನಿಷಿಯನ್. ಊರು ಕುಮಟಾ ಹತ್ತಿರ, ಕೆಲಸ ಕಾರವಾರದ ಕಡೆ ಒಂದು ರಕ್ತನಿಧಿಯಲ್ಲಿ. ಯಾವುದು ಅಂತ ಬರೆಯುವುದಿಲ್ಲ. ತಪ್ಪು ಆದದ್ದು ನನ್ನ ಕೈಯಿಂದ, ಅದಕ್ಕೆ ಎಲ್ಲರ ಹೆಸರು ಕೆಡುವುದು ಬೇಡ.

ಒಬ್ಬರು ಕೊಟ್ಟ ರಕ್ತ ನಮ್ಮಲ್ಲಿಗೆ ಬಂದ ಮೇಲೆ ಮೂರು ಪಾಲಾಗುತ್ತದೆ. ಕೆಂಪುಕಣದ ಚೀಲ ಫ್ರಿಜ್‌ಗೆ ಹೋಗುತ್ತದೆ, 2ರಿಂದ 6 ಡಿಗ್ರಿಯಲ್ಲಿ ತಿಂಗಳಿಗೂ ಜಾಸ್ತಿ ಇರುತ್ತದೆ. ಪ್ಲಾಸ್ಮಾ ಫ್ರೀಜರ್‌ನಲ್ಲಿ ಕಲ್ಲಿನ ಹಾಗೆ ಗಟ್ಟಿಯಾಗಿ ಒಂದು ವರ್ಷ ಕೂರುತ್ತದೆ. ಪ್ಲೇಟ್‌ಲೆಟ್‌ಗೆ ಮಾತ್ರ ಚಳಿ ಆಗಿಬರುವುದಿಲ್ಲ. ತಂಪು ತಾಗಿದರೆ ಅದರ ಆಕಾರ ಕೆಡುತ್ತದೆ. ಅಂಥದ್ದನ್ನು ರೋಗಿಗೆ ಏರಿಸಿದರೆ ಯಕೃತ್ತು ಬೇಗ ಬೇಗ ಹಿಡಿದು ತೆಗೆದುಬಿಡುತ್ತದೆ, ರಕ್ತ ನಿಲ್ಲಿಸುವ ಕೆಲಸಕ್ಕೆ ಹೆಚ್ಚು ಉಳಿಯುವುದಿಲ್ಲ. ತಂಪಿನಲ್ಲಿಟ್ಟ ಪ್ಲೇಟ್‌ಲೆಟ್ ಮೈಯೊಳಗೆ ಹೆಚ್ಚು ಕಾಲ ಉಳಿಯುವುದಿಲ್ಲ ಅಂತ ಮರ್ಫಿ ಮತ್ತು ಗಾರ್ಡನರ್ ಅನ್ನುವ ಇಬ್ಬರು ತೋರಿಸಿದ್ದು 1969ರಲ್ಲಿ. ಈಗಿನ ಲೆಕ್ಕ ಹೀಗೆ: 20ರಿಂದ 24 ಡಿಗ್ರಿ, ಬಿಡದೆ ಆಡಿಸುತ್ತಿರಬೇಕು, ಐದು ದಿನ. ಆರನೇ ದಿನ ಎಸೆಯಬೇಕು.

ಇದನ್ನೆಲ್ಲ ಒಮ್ಮೆ ಆಯಿಗೆ ಹೇಳಿದ್ದೆ. ಅವಳು ಕಡೆಯುವ ಕಲ್ಲು ತೊಳೆಯುತ್ತಾ ಒಂದೇ ಮಾತಲ್ಲಿ ಮುಗಿಸಿದಳು. "ಅಂದ್ರೆ ದೋಸೆ ಹಿಟ್ಟು ರಾತ್ರಿ ಹೊರಗೆ ಇಟ್ಟಾಂಗೆ."

ಸರಿಯಾಗಿ ಅದೇ. ಫ್ರಿಜ್ಜಿನಲ್ಲಿಟ್ಟ ಹಿಟ್ಟು ಹಾಗೇ ಇರುತ್ತದೆ. ಹೊರಗಿಟ್ಟದ್ದು ಬೆಳಗಾಗುವಷ್ಟರಲ್ಲಿ ಪಾತ್ರೆ ಮೀರಿ ಉಕ್ಕುತ್ತದೆ. ದೋಸೆಗೆ ಅದು ಬೇಕು, ರಕ್ತಕ್ಕೆ ಬೇಡ. ಚೀಲದೊಳಗೆ ಭಾನುವಾರ ನಾಲ್ಕೈದು ಬ್ಯಾಕ್ಟೀರಿಯಾ ಹೊಕ್ಕಿದ್ದರೆ ಬುಧವಾರಕ್ಕೆ ಅವು ಕೋಟಿಗಟ್ಟಲೆ ಆಗಬಹುದು. ಹೊರಗಿಂದ ನೋಡಿದರೆ ಏನೂ ತಿಳಿಯುವುದಿಲ್ಲ.

ನೋಡುವುದಂತೂ ನೋಡುತ್ತೇವೆ. ಚೀಲ ಕೊಡುವ ಮುಂಚೆ ಟ್ಯೂಬ್‌ಲೈಟಿಗೆ ಹಿಡಿದು ಮೆಲ್ಲಗೆ ಅದುಮುತ್ತೇವೆ. ಒಳ್ಳೆಯ ಪ್ಲೇಟ್‌ಲೆಟ್ ಆದರೆ ಒಳಗೆ ಮಿಂಚು ಸುಳಿಯುತ್ತದೆ. ಕಾಳಿ ನದಿಯ ಅಂಚಿನ ತೆಳು ನೀರಿನಲ್ಲಿ ಮೀನು ಮರಿಗಳ ಹಿಂಡು ಒಟ್ಟಿಗೆ ಹೊರಳಿದಾಗ ಬೆಳ್ಳಗೆ ಹೊಳೆಯುತ್ತದಲ್ಲ, ಹಾಗೆ. ನಮ್ಮ ಭಾಷೆಯಲ್ಲಿ ಅದು ಸ್ವಿರ್ಲಿಂಗ್. ಅದಿಲ್ಲದೆ ಚೀಲ ಮಂಕಾಗಿದ್ದರೆ ಏನೋ ಕೆಟ್ಟಿದೆ ಅಂತ. ಆದರೆ ಬ್ಯಾಕ್ಟೀರಿಯಾ ಕಡಿಮೆ ಇದ್ದಾಗ ಮಿಂಚು ಚೆನ್ನಾಗಿಯೇ ಇರುತ್ತದೆ. ನಾನು ಹೇಳಹೊರಟಿರುವ ಚೀಲದಲ್ಲೂ ಚೆನ್ನಾಗಿಯೇ ಇತ್ತು.

ನಮ್ಮ ದೇಶದಲ್ಲಿ ಪ್ರತಿ ರಕ್ತದ ಚೀಲಕ್ಕೂ ಕಡ್ಡಾಯ ಪರೀಕ್ಷೆ ಐದು: ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್, ಮಲೇರಿಯಾ. ಬ್ಯಾಕ್ಟೀರಿಯಾ ಆ ಪಟ್ಟಿಯಲ್ಲಿಲ್ಲ. ಅಮೆರಿಕದಲ್ಲಿ ರಕ್ತನಿಧಿಗಳ ಸಂಘ ಎಎಬಿಬಿ 2004ರ ಮಾರ್ಚ್‌ನಿಂದ ಪ್ಲೇಟ್‌ಲೆಟ್‌ಗೆ ಇದನ್ನೂ ನೋಡಲೇಬೇಕು ಅಂತ ನಿಯಮ ಮಾಡಿತು. ನಮ್ಮಲ್ಲಿ ಗುಣಮಟ್ಟ ನೋಡುವುದಕ್ಕೆ ಅಂತ ಕೆಲವು ಚೀಲ ಆರಿಸಿ ಕಲ್ಚರ್ ಮಾಡುತ್ತೇವೆ, ಅಂದರೆ ಒಳಗೆ ಬ್ಯಾಕ್ಟೀರಿಯಾ ಇದೆಯೋ ಅಂತ ಬೆಳೆಸಿ ನೋಡುತ್ತೇವೆ. ನಮ್ಮ ರಕ್ತನಿಧಿಯ ಲೆಕ್ಕ ತಿಂಗಳಿಗೆ ನಾಲ್ಕು.

ಆ ನಾಲ್ಕನ್ನು ಮೊದಲು ಹೇಗೆ ಆರಿಸುತ್ತಿದ್ದೆವು ಅಂತ ಹೇಳಿದರೆ ನಗು ಬರುತ್ತದೆ. ಐದು ದಿನ ಕಳೆದು ಯಾರಿಗೂ ಬೇಡವಾಗಿ ಉಳಿದ ಚೀಲಗಳಿಂದ. ಎಸೆಯುವ ಚೀಲ ಹೇಗೂ ಇದೆ, ಅದನ್ನೇ ಪರೀಕ್ಷೆ ಮಾಡಿದರೆ ಒಳ್ಳೆಯ ಚೀಲ ಹಾಳಾಗುವುದಿಲ್ಲ, ಅಲ್ವಾ? ಫೆಬ್ರವರಿಯಲ್ಲಿ ಇದು ಸಲೀಸಾಗಿ ನಡೆಯುತ್ತಿತ್ತು. ಜುಲೈ ಬಂತು ಅಂದರೆ ಡೆಂಗಿ. ಒಂದು ಚೀಲವೂ ಐದನೇ ದಿನ ಕಾಣುವುದಿಲ್ಲ, ಎರಡನೇ ದಿನವೇ ಖಾಲಿ. ಅಂದರೆ ಎಷ್ಟೋ ಜನರ ಮೈಗೆ ಪ್ಲೇಟ್‌ಲೆಟ್ ಏರುವ ತಿಂಗಳಲ್ಲೇ ಪರೀಕ್ಷೆಗೆ ಚೀಲ ಇಲ್ಲ. ರಿಜಿಸ್ಟರಿನಲ್ಲಿ ಆ ಕಾಲಂಗೆ ಅಡ್ಡಗೆರೆ ಎಳೆದು ಸಹಿ ಹಾಕಿ ಮುಂದೆ ಹೋಗುತ್ತಿದ್ದೆವು. ನನ್ನ ಸಹಿಯೂ ಇದೆ.

ಹೊಸದಾಗಿ ಬಂದ ಡಾಕ್ಟರ್ ಮೇಡಂ ಆ ಅಡ್ಡಗೆರೆಯ ಮೇಲೆ ಬೆರಳಿಟ್ಟು "ಇದೇನಮ್ಮಾ?" ಅಂದರು. ನಾನು ಹೇಳಿದೆ. ಅವರು ಬೈಯಲಿಲ್ಲ. ಮರುವಾರದಿಂದ ಪದ್ಧತಿ ಬದಲಾಯಿತು. ಉಳಿದ ಚೀಲ ಬೇಡ, ಬಳಕೆಗೆ ಹೋಗುವ ಚೀಲದಿಂದಲೇ ಮಾದರಿ ತೆಗೆಯಬೇಕು. ರಕ್ತ ತೆಗೆದು 24 ಗಂಟೆ ಆದ ಮೇಲೆ. ಕೂಡಲೇ ತೆಗೆದರೆ ಏನಾಗುತ್ತದೆ ಅಂದರೆ, ಚೀಲದಲ್ಲಿ ಇರುವ ನಾಲ್ಕೈದು ಬ್ಯಾಕ್ಟೀರಿಯಾ ನಾವು ತೆಗೆದ ಎಂಟು ಮಿಲಿಯೊಳಗೆ ಬಾರದೇ ಹೋಗಬಹುದು. ಕೆರೆಯಲ್ಲಿ ಎರಡು ಮೀನು ಇದ್ದಾಗ ಒಂದು ಕೊಡ ನೀರು ಎತ್ತಿ ಮೀನಿಲ್ಲ ಅಂದ ಹಾಗೆ. ಒಂದು ದಿನ ಬಿಟ್ಟರೆ ಅವು ಹೆಚ್ಚಾಗಿರುತ್ತವೆ, ಸಿಕ್ಕಿಬೀಳುತ್ತವೆ.

ಮಾದರಿ ತೆಗೆಯುವ ಕೆಲಸ ನನ್ನ ಪಾಲಿಗೆ ಬಂತು. ಕೇಳಲು ಸುಲಭ. ಚೀಲಕ್ಕೆ ಸೂಜಿ ಚುಚ್ಚುವ ಹಾಗಿಲ್ಲ, ಚುಚ್ಚಿದರೆ ನಾವೇ ಬಾಗಿಲು ತೆರೆದ ಹಾಗೆ. ಅದಕ್ಕೆ ಆ ನಾಲ್ಕು ಚೀಲಗಳಿಗೆ ಒಂದೊಂದು ಖಾಲಿ ಚೀಲವನ್ನು ಕತ್ತರಿಸದೆ ಹಾಗೇ ಜೋಡಿಸಿಟ್ಟಿರುತ್ತೇವೆ. ಮರುದಿನ ಪ್ಲೇಟ್‌ಲೆಟ್ ಚೀಲವನ್ನು ಚೆನ್ನಾಗಿ ಆಡಿಸಿ, ಎತ್ತಿ ಹಿಡಿದು, ಕೊಳವೆಯಲ್ಲಿ ಎಂಟು ಮಿಲಿ ಆ ಖಾಲಿ ಚೀಲಕ್ಕೆ ಇಳಿಸಬೇಕು. ಇಡೀ ಪ್ಲೇಟ್‌ಲೆಟ್ ಚೀಲದಲ್ಲಿ ಇರುವುದೇ 50-70 ಮಿಲಿ. ಕೈ ಸ್ವಲ್ಪ ನಡುಗಿದರೆ ಹದಿನೈದು ಹೋಗುತ್ತದೆ, ರೋಗಿಯ ಪಾಲು ಹೋದಂತೆ. ತೂಕದ ಯಂತ್ರದ ಮೇಲೆ ಕಣ್ಣಿಟ್ಟು ಇಳಿಸಿ, ಸೀಲರ್ ಬಾಯಲ್ಲಿ ಕೊಳವೆ ಕೊಟ್ಟರೆ ಚುಸ್ ಅಂತ ಕರಗಿ ಅಂಟುತ್ತದೆ. ಪಕ್ಕಪಕ್ಕ ಮೂರು ಕಡೆ ಸೀಲ್, ನಡುವಿನದರಲ್ಲಿ ಕತ್ತರಿ. ಆಮೇಲೆ ಆ ಪುಟ್ಟ ಚೀಲ ಮೈಕ್ರೋಬಯಾಲಜಿ ಲ್ಯಾಬ್‌ಗೆ. ಅಲ್ಲಿ ಗಾಜಿನ ಪರದೆಯ ಕ್ಯಾಬಿನೆಟ್ ಒಳಗೆ, ಬಾಟಲಿಯ ರಬ್ಬರ್ ಮುಚ್ಚಳ ಸ್ಪಿರಿಟ್‌ನಲ್ಲಿ ಒರೆಸಿ, ಒಣಗಲು ಬಿಟ್ಟು, ಸಿರಿಂಜಿನಿಂದ ಹಾಕಬೇಕು.

ಬಾಟಲಿ ಹೋಗುವುದು ಬ್ಯಾಕ್ಟ್-ಅಲರ್ಟ್ ಯಂತ್ರಕ್ಕೆ. ಅದು ರೋಗಿಗಳ ಬ್ಲಡ್ ಕಲ್ಚರ್‌ಗೆ ತಂದದ್ದು, ನಾವು ಸಾಲ ಕೇಳಿದ ಜಾಗ. ಆ ಲ್ಯಾಬ್‌ನವರಿಗೆ ಮೊದಮೊದಲು ನನ್ನನ್ನು ಕಂಡರೆ ಆಗುತ್ತಿರಲಿಲ್ಲ. "ನಮ್ಮ ಬಾಟಲಿ ನಮಗೇ ಸಾಲದು, ನಿಮ್ಮದು ಎಂತಕ್ಕೆ?" ಅಂತ. ಸಂಜೆ ಅವರಿಗೂ ಸೇರಿಸಿ ಎರಡು ಪ್ಲೇಟ್ ಗೋಳಿಬಜೆ ತಂದುಕೊಡುವುದು ಶುರು ಮಾಡಿದ ಮೇಲೆ ನಾಲ್ಕು ಗೂಡು ನಮಗೆ ಅಂತ ಬಿಟ್ಟುಕೊಟ್ಟರು.

ಯಂತ್ರ ಮಾಡುವುದು ಇಷ್ಟೇ. ಬಾಟಲಿಯ ಒಳಗೆ ಬ್ಯಾಕ್ಟೀರಿಯಾಕ್ಕೆ ಊಟ ಇದೆ, ಮೈ ಬಿಸಿಯಷ್ಟು ಬೆಚ್ಚಗಿದೆ. ತಿಂದು ಬೆಳೆದರೆ ಅವು ಇಂಗಾಲದ ಡೈಆಕ್ಸೈಡ್ ಬಿಡುತ್ತವೆ. ಬಾಟಲಿಯ ತಳದಲ್ಲಿ ಒಂದು ಬಿಲ್ಲೆ ಇದೆ, ಆ ಗಾಳಿ ತಾಗಿದಂತೆ ಹಸಿರು-ನೀಲಿಯಿಂದ ಹಳದಿಗೆ ತಿರುಗುತ್ತದೆ. ಯಂತ್ರ ಹತ್ತು ನಿಮಿಷಕ್ಕೊಮ್ಮೆ ಪ್ರತಿ ಬಾಟಲಿಯ ತಳ ನೋಡುತ್ತಿರುತ್ತದೆ. ಬಣ್ಣ ತಿರುಗಿದರೆ ಕೂಗುತ್ತದೆ. ಐದು ದಿನ ಕೂಗದಿದ್ದರೆ ನೆಗೆಟಿವ್.

ಇಲ್ಲೇ ಒಂದು ತೊಡಕಿದೆ. ಬಾಟಲಿಗೆ ಐದು ದಿನ ಬೇಕು, ಚೀಲದ ಆಯಸ್ಸೂ ಐದು ದಿನ. ಪೂರ್ತಿ ಕಾದರೆ ರಿಪೋರ್ಟ್ ಬರುವಾಗ ಚೀಲ ಕಸದ ಡಬ್ಬಿಯಲ್ಲಿರುತ್ತದೆ. ಅದಕ್ಕೆ ಒಂದು ದಿನ ನೋಡಿ, "ಇಲ್ಲಿಯವರೆಗೆ ಏನೂ ಬೆಳೆದಿಲ್ಲ" ಅಂತ ಬರೆದು ಚೀಲ ಕೊಟ್ಟುಬಿಡುತ್ತೇವೆ. ಬಾಟಲಿ ಯಂತ್ರದಲ್ಲೇ ಇರುತ್ತದೆ. ಆಮೇಲೆ ಕೂಗಿದರೆ ಫೋನ್ ಮಾಡಬೇಕು. ಫೋನ್ ಮಾಡುವ ಸಂದರ್ಭ ಬರುತ್ತದೆ ಅಂತ ನಾನಂತೂ ಎಣಿಸಿರಲಿಲ್ಲ.

ಕಳೆದ ವರ್ಷ ಜುಲೈನಲ್ಲಿ ಒಂದು ಭಾನುವಾರ ಯಲ್ಲಾಪುರ ಕಡೆಯ ಹಳ್ಳಿಯಲ್ಲಿ ರಕ್ತದಾನ ಶಿಬಿರ ಇತ್ತು. ಶಾಲೆಯ ಹಾಲ್‌ನಲ್ಲಿ ಐದು ಮಂಚ. ಹೊರಗೆ ಮಳೆ ಅಂದರೆ ಮಳೆ. ರಕ್ತ ತೆಗೆದ ಹೊತ್ತಿನಿಂದ ಆರು ಗಂಟೆಯೊಳಗೆ ಅದನ್ನು ಗಿರಗಿರ ತಿರುಗಿಸಿ ಪಾಲು ಮಾಡುವ ಸೆಂಟ್ರಿಫ್ಯೂಜ್ ಯಂತ್ರಕ್ಕೆ ಹಾಕಬೇಕು, ಇಲ್ಲದಿದ್ದರೆ ಅದರಿಂದ ಪ್ಲೇಟ್‌ಲೆಟ್ ಮಾಡುವಂತಿಲ್ಲ. ಅರಬೈಲ್ ಘಟ್ಟ ಇಳಿದು, ಅಂಕೋಲಾ ಮುಟ್ಟಿ, ಅಲ್ಲಿಂದ ಮೇಲೆ ಬರಬೇಕು. 2024ರ ಜುಲೈ 16ರಂದು ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಬಿದ್ದ ಮೇಲೆ ನಮ್ಮ ಡ್ರೈವರ್‌ಗೆ ಮಳೆಗಾಲದ ರಸ್ತೆ ಅಂದರೆ ನಂಬಿಕೆಯೇ ಹೋಗಿದೆ. ಮಧ್ಯಾಹ್ನ ಒಂದು ಗಂಟೆಗೇ ಬಾಗಿಲಲ್ಲಿ ಬಂದು ನಿಂತು ಗಡಿಯಾರ ನೋಡುತ್ತಿದ್ದರು.

ಸಾಲಿನಲ್ಲಿ ಒಬ್ಬ ಕೊನೆಗೌಡ ಇದ್ದ. ಅಡಿಕೆ ಮರ ಹತ್ತಿ ಕೊನೆ ಇಳಿಸುವವರನ್ನು ನಮ್ಮ ಕಡೆ ಹಾಗೇ ಕರೆಯುವುದು. ಮಳೆ ಬಿಟ್ಟ ಹೊತ್ತಿನಲ್ಲಿ ಕೊಳೆರೋಗಕ್ಕೆ ಮೈಲುತುತ್ತದ ಬೋರ್ಡೋ ದ್ರಾವಣ ಹೊಡೆಯುವುದೂ ಅವರೇ. ಸ್ನಾನ ಮಾಡಿ, ತಲೆ ಬಾಚಿ, ಇಸ್ತ್ರಿ ಅಂಗಿ ಹಾಕಿಕೊಂಡು ಬಂದಿದ್ದ. ಆದರೂ ಮೊಳಕೈ ಮಡಿಕೆಯಲ್ಲಿ ಮೈಲುತುತ್ತದ ನೀಲಿ ಉಳಿದಿತ್ತು. ಅದು ಅಷ್ಟು ಬೇಗ ಹೋಗುವುದಿಲ್ಲ. ಹಳೆಯ ದಾನಿ, ಇಪ್ಪತ್ತಕ್ಕೂ ಹೆಚ್ಚು ಸಲ ಕೊಟ್ಟವನು. ಬಲಗೈಯ ಅದೇ ಜಾಗಕ್ಕೆ ಚುಚ್ಚಿ ಚುಚ್ಚಿ ಸಣ್ಣ ಹೊಂಡ ಬಿದ್ದಿತ್ತು.

ಸ್ಪಿರಿಟ್ ಹತ್ತಿಯಿಂದ ಒರೆಸಿದೆ. ಹತ್ತಿ ನೀಲಿ ಆಯಿತು. ಇನ್ನೊಂದು ತೆಗೆದುಕೊಂಡೆ, ತಿಳಿನೀಲಿ. ಆಮೇಲೆ ಅಯೋಡಿನ್. ಅಯೋಡಿನ್ ಹಚ್ಚಿ ಉಜ್ಜಿ, ಒಣಗುವವರೆಗೆ ಸುಮ್ನೆ ಕಾಯಬೇಕು. ಒಣಗುವಾಗಲೇ ಅದು ಕೆಲಸ ಮಾಡುವುದು. ಕಾಯಲಿಲ್ಲ. ಅವನ ನರ ಹಗ್ಗದ ಹಾಗೆ ಎದ್ದು ಕಾಣುತ್ತಿತ್ತು, ಹುಡುಕುವ ಅಗತ್ಯವೇ ಇರಲಿಲ್ಲ. ಆದರೂ ಅಭ್ಯಾಸ ನೋಡಿ, ಒರೆಸಿದ ಜಾಗವನ್ನೇ ಬೆರಳಿಂದ ಒಮ್ಮೆ ಒತ್ತಿ ನೋಡಿ ಸೂಜಿ ಹಾಕಿದೆ. ಗ್ಲೌಸ್ ಇತ್ತು. ಅದೇ ಗ್ಲೌಸಿನಲ್ಲಿ ಅದಕ್ಕೂ ಮುಂಚೆ ಪೆನ್ನು, ಮಂಚದ ಕಂಬಿ, ಫಾರಂ ಎಲ್ಲ ಮುಟ್ಟಿದ್ದೆ. ಇದೆಲ್ಲ ಆಗ ಗಮನಕ್ಕೆ ಬಂದದ್ದಲ್ಲ. ಆಮೇಲೆ ರಾತ್ರಿ ಮಲಗಿ ಒಂದೊಂದೇ ನೆನಪು ಮಾಡಿಕೊಂಡದ್ದು.

ಐದೂವರೆ ಗಂಟೆಯಲ್ಲಿ ರಕ್ತನಿಧಿ ಮುಟ್ಟಿದೆವು. ಡ್ರೈವರ್ ಗೆದ್ದವರ ಹಾಗೆ ಕೀಲಿಕೈ ಮೇಜಿನ ಮೇಲೆ ಎಸೆದರು.

ಆ ಭಾನುವಾರ ಚೀಲ ಮಾಡುವಾಗಲೇ ನಾಲ್ಕು ಆರಿಸಿಟ್ಟಿದ್ದೆ, ಕಣ್ಣು ಮುಚ್ಚಿ ಚೀಟಿ ಎತ್ತಿದ ಹಾಗೆ. ಅದರಲ್ಲಿ ಅವನದೂ ಒಂದು. ಅದು ಅವನದು ಅಂತ ನನಗೆ ಗೊತ್ತಿರಲಿಲ್ಲ, ಚೀಲದ ಮೇಲೆ ನಂಬರ್ ಮಾತ್ರ ಇರುತ್ತದೆ. ಸೋಮವಾರ ಸಂಜೆ ಮಾದರಿ ತೆಗೆದು, ಬಾಟಲಿಗೆ ಹಾಕಿ ಯಂತ್ರಕ್ಕೆ ಇಟ್ಟೆ. ಮಂಗಳವಾರ ಸಂಜೆ ನೋಡಿದಾಗ ನಾಲ್ಕೂ ಹಸಿರು-ನೀಲಿ. ಅಷ್ಟರಲ್ಲಿ ಒಂದು ನರ್ಸಿಂಗ್ ಹೋಮಿನಿಂದ ಡೆಂಗಿ ರೋಗಿಗೆ ನಾಲ್ಕು ಚೀಲ ಬೇಕು ಅಂತ ಮನೆಯವರು ಐಸ್ ಇಲ್ಲದ ಡಬ್ಬಿ ಹಿಡಿದು ಬಂದು ನಿಂತಿದ್ದರು. ಐಸ್ ಇಲ್ಲದಿರುವುದು ಸರಿ, ಅಷ್ಟು ಹೇಳಿಕೊಟ್ಟವರು ಯಾರೋ ಪುಣ್ಯಾತ್ಮರು. ದೊಡ್ಡವರಿಗೆ ಒಂದು ಸಲಕ್ಕೆ ನಾಲ್ಕರಿಂದ ಆರು ಚೀಲ ಕೊಡುತ್ತಾರೆ. ಒಂದೊಂದನ್ನೂ ಬೆಳಕಿಗೆ ಹಿಡಿದೆ, ಮಿಂಚು ಸುಳಿಯಿತು, ಕೊಟ್ಟೆ.

ಇಲ್ಲಿ ಒಂದು ಮಾತು. ಡೆಂಗಿಯಲ್ಲಿ ಪ್ಲೇಟ್‌ಲೆಟ್ ಕೌಂಟ್ 40,000 ಆಯಿತು ಅಂತ ಮನೆಯವರು ಅಳುತ್ತಾ ಬರುತ್ತಾರೆ. ರಕ್ತ ಸೋರುತ್ತಿಲ್ಲ ಅಂದರೆ 10,000ಕ್ಕಿಂತ ಕೆಳಗೆ ಇಳಿಯುವವರೆಗೆ ಸಾಮಾನ್ಯವಾಗಿ ಪ್ಲೇಟ್‌ಲೆಟ್ ಬೇಕಾಗಿಲ್ಲ, ತಾನಾಗಿಯೇ ಏರುತ್ತದೆ. ಆದರೂ ಒತ್ತಡಕ್ಕೆ ಬರೆದುಕೊಡುತ್ತಾರೆ. ಪ್ಲೇಟ್‌ಲೆಟ್ ಅಂದರೆ ಗ್ಲೂಕೋಸ್ ಬಾಟಲಿ ಅಂತ ಜನ ತಿಳಿದಿದ್ದಾರೆ. ಬೇಡದ ಪ್ರತಿ ಚೀಲದ ಜತೆ ಬೇಡದ ಒಂದು ಅಪಾಯವೂ ಹೋಗುತ್ತದೆ ಅಂತ ಕೌಂಟರಿನಲ್ಲಿ ನಿಂತು ಹೇಳಿದರೆ ಕೇಳುವವರು ಯಾರು? ಈ ರೋಗಿಗೆ ಮಾತ್ರ ಒಸಡಿನಿಂದ ರಕ್ತ ಬರುತ್ತಿತ್ತು, ಬೇಕೇ ಇತ್ತು.

ಬುಧವಾರ ಬೆಳಿಗ್ಗೆ ಹತ್ತಕ್ಕೆ ಹದಿನೈದು ನಿಮಿಷ ಇರುವಾಗ ಮೈಕ್ರೋಬಯಾಲಜಿಯಿಂದ ಫೋನ್. "ನಿಮ್ಮ ಗೂಡಿಂದು ಕೂಗ್ತಾ ಇದೆ."

ಓಡಿದೆ. ಬಾಟಲಿ ತೆಗೆದು ತಲೆಕೆಳಗು ಮಾಡಿ ಹಿಡಿದರು. ಪಕ್ಕದ ಮೂರರ ತಳ ಎಂದಿನ ಹಾಗೆ, ಇದರದ್ದು ಮೊಟ್ಟೆಯ ಭಂಡಾರದ ಹಳದಿ. ಯಂತ್ರ ಸುಳ್ಳು ಕೂಗುವುದೂ ಉಂಟು. ಅದಕ್ಕೆ ಒಂದು ಹನಿ ಗಾಜಿನ ಮೇಲೆ ಹಾಕಿ, ಬ್ಯಾಕ್ಟೀರಿಯಾ ಎದ್ದು ಕಾಣುವಂತೆ ಬಣ್ಣ ಹಿಡಿಸುವ ಗ್ರಾಂ ಸ್ಟೇನ್ ಮಾಡಿದರು. ನಾನು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟೆ. ನೇರಳೆ ಬಣ್ಣದ ದುಂಡು ದುಂಡು ಕಾಳು, ಗುಂಪು ಗುಂಪು. ಪಠ್ಯಪುಸ್ತಕದಲ್ಲಿ ದ್ರಾಕ್ಷಿ ಗೊಂಚಲಿನ ಹಾಗೆ ಅಂತ ಬರೆದಿರುತ್ತದೆ, ಇಂಥ ಬ್ಯಾಕ್ಟೀರಿಯಾದ ಹೆಸರಿನಲ್ಲಿರುವ ಸ್ಟ್ಯಾಫಿಲೊ ಅಂದರೆ ಗ್ರೀಕ್‌ನಲ್ಲಿ ಅದೇ ಅರ್ಥವಂತೆ. ನನಗೆ ಕಂಡದ್ದು ಅಡಿಕೆ ಕೊನೆ.

ಆಗ ಮೇಡಂ ಎರಡು ಕೆಲಸ ಒಟ್ಟಿಗೆ ಹೇಳಿದರು. ನರ್ಸಿಂಗ್ ಹೋಂಗೆ ಫೋನ್ ಅವರೇ ಮಾಡುತ್ತೇನೆ ಅಂದರು. ನನಗೆ, ಆ ದಾನಿಯ ಉಳಿದ ಎರಡು ಚೀಲ ಹುಡುಕು ಅಂದರು. ಫ್ರಿಜ್‌ನಲ್ಲಿ ಕೆಂಪುಕಣ ಇತ್ತು, ಪುಣ್ಯಕ್ಕೆ. ಫ್ರೀಜರ್‌ನಲ್ಲಿ ಪ್ಲಾಸ್ಮಾ. ಎರಡನ್ನೂ ಕೊಡಬಾರದು ಅನ್ನುವ ಕೆಂಪು ಚೀಟಿ ಅಂಟಿಸಿ ಬೇರೆ ಗೂಡಿಗೆ ಹಾಕಿದೆ. ಕೈ ತಣ್ಣಗಾಗಿತ್ತು. ಫ್ರೀಜರ್‌ನಿಂದ ಅಂತ ಅಂದುಕೊಂಡೆ.

ಹಿಂತಿರುಗಿದಾಗ ಮೇಡಂ ಫೋನ್ ಸ್ಪೀಕರಿಗೆ ಹಾಕಿದ್ದರು. ಆ ಕಡೆ ಸಿಸ್ಟರ್ ಕೇಸ್ ಶೀಟ್‌ನಿಂದ ಚೀಲದ ನಂಬರ್ ಓದುತ್ತಿದ್ದರು. ಮೊದಲನೆಯದು ಅಲ್ಲ. ಎರಡನೆಯದು ಅದೇ. "ಅದು ರಾತ್ರಿನೇ ಹೋಯ್ತಲ್ಲ ಮೇಡಂ. ಹನ್ನೊಂದಕ್ಕೆ ಚಳಿ ಬಂತು, ಜ್ವರ ಏರ್ತು. ಡೆಂಗಿಯದೇ ಅಂತ ಪ್ಯಾರಾಸಿಟಮಾಲ್ ಹಾಕಿದ್ವಿ."

ಇದೇ ಈ ವಿಷಯದ ಕಷ್ಟ. ಪ್ಲೇಟ್‌ಲೆಟ್ ಪಡೆಯುವವರಿಗೆ ಮೊದಲೇ ಜ್ವರ ಇರುತ್ತದೆ. ಚೀಲದಿಂದ ಬಂದ ಜ್ವರವೂ ಜ್ವರವೇ, ಮೇಲೆ ಹೆಸರು ಬರೆದಿರುವುದಿಲ್ಲ. ಮೇಡಂ ದನಿ ಏರಿಸದೆ ಒಂದೊಂದೇ ಹೇಳಿದರು: ರೋಗಿಯ ಬ್ಲಡ್ ಕಲ್ಚರ್ ಈಗಲೇ ತೆಗೆಯಿರಿ, ತೆಗೆದ ಮೇಲೆ ಆ್ಯಂಟಿಬಯಾಟಿಕ್ ಶುರು ಮಾಡಲು ನಿಮ್ಮ ಡಾಕ್ಟರಿಗೆ ಹೇಳಿ, ಖಾಲಿ ಚೀಲ ಇದ್ದರೆ ಎಸೆಯಬೇಡಿ. ಚೀಲ ಆಗಲೇ ಹಳದಿ ಡಬ್ಬಿಗೆ ಬಿದ್ದಿತ್ತು. ಸಿಸ್ಟರ್ ಕೈಹಾಕಿ ಹುಡುಕಿ ತೆಗೆದರು. ಅವರ ಸಹನೆಗೆ ನಾನು ಇವತ್ತಿಗೂ ಋಣಿ.

ರೋಗಿ ಇಪ್ಪತ್ತರ ಆಸುಪಾಸಿನ ಹುಡುಗಿ. ಮುಂದಿನ ಮೂರು ದಿನ ನಾನು ದಿನಕ್ಕೆ ಎರಡು ಸಲ ಫೋನ್ ಮಾಡಿದೆ. ಶುಕ್ರವಾರ ಸಿಸ್ಟರ್ "ಎದ್ದು ಕೂತು ಗಂಜಿ ಕುಡಿದ್ಲು, ಉಪ್ಪಿನಕಾಯಿ ಕೇಳ್ತಾಳೆ" ಅಂದರು. ಆ ಉಪ್ಪಿನಕಾಯಿ ಕೇಳಿ ನನಗೆ ಅಳು ಬಂತು. ಅವಳ ಬ್ಲಡ್ ಕಲ್ಚರ್‌ನಲ್ಲಿ ಏನೂ ಬೆಳೆಯಲಿಲ್ಲ. ಆ ರಾತ್ರಿಯ ಚಳಿ ನಮ್ಮ ಚೀಲದ್ದೋ, ಡೆಂಗಿಯದ್ದೋ, ಯಾರೂ ಖಚಿತವಾಗಿ ಹೇಳಲಾರರು. ನನಗೆ ನನ್ನ ಅನುಮಾನ ಇದೆ.

ಲ್ಯಾಬ್‌ನ ಪೂರ್ತಿ ಉತ್ತರ ಬಂದಾಗ ಹೆಸರು ಸ್ಟ್ಯಾಫಿಲೊಕಾಕಸ್ ಎಪಿಡರ್ಮಿಡಿಸ್. ಎಲ್ಲರ ಚರ್ಮದ ಮೇಲೂ ಇರುವಂಥದ್ದು. ನಿಮ್ಮ ಮೇಲೂ ಈಗ ಇದೆ. ಚರ್ಮದ ಮೇಲೆ ಅದು ಸುಮ್ಮನೆ ಬದುಕಿಕೊಂಡಿರುತ್ತದೆ. ಕಸದ ಡಬ್ಬಿಯಿಂದ ತೆಗೆದ ಚೀಲದ ಕೊನೆಯ ಹನಿಗಳಲ್ಲೂ ಅದೇ ಬೆಳೆಯಿತು. ನನಗೆ ಅದು ಪುರಾವೆ ಅನ್ನಿಸಿತು. "ಕಸದಲ್ಲಿ ಬಿದ್ದ ಚೀಲ ಸಾಕ್ಷಿಗೆ ಬರಲ್ಲಮ್ಮಾ" ಅಂದರು ಮೇಡಂ. ಕೆಂಪುಕಣದ ಚೀಲದಲ್ಲಿ ಏನೂ ಬೆಳೆಯಲಿಲ್ಲ. ಅದು ಫ್ರಿಜ್‌ನಲ್ಲಿಟ್ಟ ಹಿಟ್ಟು.

ದಾನಿಗೆ ತಿಳಿಸುವುದು ಬಾಕಿ ಇತ್ತು. ಮೈಯಲ್ಲಿ ಸೋಂಕು ಇಟ್ಟುಕೊಂಡೇ ಏನೂ ಗೊತ್ತಾಗದೆ ರಕ್ತ ಕೊಡುವವರೂ ಇರುತ್ತಾರೆ. ಹಲ್ಲು ಕೀಳಿಸಿದ ಮೇಲೆ, ಹೊಟ್ಟೆ ಕೆಟ್ಟ ಮೇಲೆ ಸ್ವಲ್ಪ ಹೊತ್ತು ರಕ್ತದಲ್ಲೇ ಬ್ಯಾಕ್ಟೀರಿಯಾ ಓಡಾಡಬಹುದು. ಅದಕ್ಕೇ ಫಾರಂನಲ್ಲಿ ಆ ಪ್ರಶ್ನೆಗಳು. ಈ ಬ್ಯಾಕ್ಟೀರಿಯಾ ಚರ್ಮದ್ದೇ ಆದರೂ ಒಮ್ಮೆ ಕೇಳಬೇಕು. ಫೋನ್ ಮಾಡಿದೆ. ಹಿಂದೆ ಮಳೆ ಸದ್ದು, ಯಾರೋ ದೋಟಿ ಕೊಡು ಅಂತ ಕೂಗುವುದು.

"ಅಕ್ಕೋರೆ, ನಂಗೆ ಏನಾರೂ ದೊಡ್ಡ ಕಾಯಿಲೆ ಉಂಟಾ?"

ಇಲ್ಲ ಅಂದೆ. ಜ್ವರ, ಹಲ್ಲುನೋವು, ಗಾಯ, ಕುರು, ಒಂದೊಂದಾಗಿ ಕೇಳಿದೆ. ಏನೂ ಇಲ್ಲ. ಚರ್ಮದ ಮೇಲಿನ ಬ್ಯಾಕ್ಟೀರಿಯಾ ಚೀಲಕ್ಕೆ ಹೋಗಿರಬೇಕು ಅಂತ ವಿವರಿಸಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಮೆಲ್ಲಗೆ, "ನಾನು ಮಿಂದೇ ಬಂದಿದ್ದೆ ಅಕ್ಕೋರೆ. ಸಾಬೂನು ಎರಡು ಸಲ ಹಾಕಿದ್ದೆ."

ಆಗ ನಾನು ನಿಜ ಹೇಳಿದೆ. ಕೈ ಸರಿಯಾಗಿ ಒರೆಸದೆ ಇದ್ದದ್ದು ನಾನು, ಒಣಗಲು ಬಿಡಲಿಲ್ಲ, ಮೇಲಿಂದ ಮುಟ್ಟಿದೆ ಅಂತ. ಮೇಡಂ ಹೀಗೆ ಹೇಳು ಅಂತ ಹೇಳಿಕೊಟ್ಟಿರಲಿಲ್ಲ, ಬಹುಶಃ ಒಪ್ಪುತ್ತಲೂ ಇರಲಿಲ್ಲ. ಇಪ್ಪತ್ತು ಸಲ ರಕ್ತ ಕೊಟ್ಟ ಮನುಷ್ಯ ತಾನು ಕೊಳಕು ಅಂತ ಅಂದುಕೊಂಡು ಮರ ಹತ್ತುವುದು ನನಗೆ ಬೇಡವಾಗಿತ್ತು.

ತನಿಖೆ ಅಂತ ಹೇಳುವಂಥದ್ದೂ ನಡೆಯಿತು. ಹತ್ತಿ ಇಡುವ ಸ್ಟೀಲ್ ಡಬ್ಬಿ, ಅಯೋಡಿನ್ ಬಾಟಲಿ, ನಮ್ಮೆಲ್ಲರ ಬೆರಳು, ಎಲ್ಲದರಿಂದ ಸ್ವ್ಯಾಬ್ ತೆಗೆದರು. ಡಬ್ಬಿಯಲ್ಲಿ ಏನೂ ಇಲ್ಲ, ಅಯೋಡಿನ್‌ನಲ್ಲೂ ಇಲ್ಲ. ಬೆರಳುಗಳಲ್ಲಿ ಅದೇ ಎಪಿಡರ್ಮಿಡಿಸ್, ನನ್ನದರಲ್ಲಿ, ಡ್ರೈವರ್‌ದರಲ್ಲಿ, ಮೇಡಂದರಲ್ಲೂ. ಹಾಗಾಗಿ ನನ್ನ ಬೆರಳಿನದೋ, ಅವನ ಕೈಯ ಹೊಂಡದಲ್ಲಿ ಕೂತದ್ದೋ ಅಂತ ತೀರ್ಮಾನ ಆಗಲಿಲ್ಲ. ಪದೇ ಪದೇ ಚುಚ್ಚಿದ ಜಾಗದ ಹೊಂಡದೊಳಗೆ ಔಷಧಿ ಚೆನ್ನಾಗಿ ಇಳಿಯುವುದಿಲ್ಲ. ಸೂಜಿ ಹೋಗುವಾಗ ಚರ್ಮದ ಪುಟ್ಟ ಚೂರನ್ನೂ ಕೊರೆದು ತೆಗೆದುಕೊಂಡು ಹೋಗಬಹುದು. ಆ ಚೂರು ಮೊದಲು ಹರಿಯುವ ರಕ್ತದ ಜತೆ ಸೀದಾ ಚೀಲಕ್ಕೆ.

ಅದಕ್ಕೊಂದು ಉಪಾಯ ಇದೆ. ಕೆಲವು ಚೀಲಗಳಲ್ಲಿ ಸೂಜಿಯ ಹತ್ತಿರವೇ ಒಂದು ಪುಟ್ಟ ಜೇಬು ಇರುತ್ತದೆ. ಮೊದಲ 30 ಮಿಲಿಯಷ್ಟು ರಕ್ತ ಅದಕ್ಕೆ ಹೋಗುತ್ತದೆ, ಆಮೇಲೆ ದಾರಿ ಬದಲಿಸಿ ದೊಡ್ಡ ಚೀಲಕ್ಕೆ. ಜೇಬಿನ ರಕ್ತ ವ್ಯರ್ಥವಲ್ಲ, ಆ ಐದು ಪರೀಕ್ಷೆಗೆ ಅದನ್ನೇ ಬಳಸಬಹುದು. ಇಷ್ಟು ಚೆಂದದ ಸಂಗತಿ ನಮ್ಮ ಹಳೇ ಸ್ಟಾಕ್‌ನಲ್ಲಿ ಇರಲಿಲ್ಲ. ಚೀಲಕ್ಕೆ ದುಡ್ಡು ಜಾಸ್ತಿ ಅಂತ ಎರಡು ಸಲ ಫೈಲ್ ಹಿಂದೆ ಬಂದಿತ್ತು. ಮೂರನೇ ಸಲ ಮೇಡಂ ಆ ಹಳದಿ ಬಾಟಲಿಯ ಫೋಟೊವನ್ನೂ ಫೈಲಿಗೆ ಪಿನ್ ಮಾಡಿ ಕಳಿಸಿದರು. ಪಾಸಾಯಿತು.

ಡಬ್ಬಿಯ ಹತ್ತಿ ಹೋಗಿ ಒಬ್ಬರಿಗೆ ಒಂದು ಪೊಟ್ಟಣದ ಸ್ವ್ಯಾಬ್ ಬಂತು. ನರ ಮೊದಲೇ ನೋಡಿಕೊಳ್ಳಬೇಕು. ಆಮೇಲೆ ಮೂವತ್ತು ಎಣಿಸುವವರೆಗೆ ಉಜ್ಜಬೇಕು, ಪೂರ್ತಿ ಒಣಗುವವರೆಗೆ ಬಿಡಬೇಕು. ಅನಂತರ ಬೆರಳು ತಾಗಿದರೆ ಎಲ್ಲ ಮೊದಲಿನಿಂದ. ಶಿಬಿರದಲ್ಲಿ ಒಬ್ಬೊಬ್ಬರಿಗೆ ಎರಡು ನಿಮಿಷ ಹೆಚ್ಚಾಯಿತು. ಹಾಗಾಗಿ ಘಟ್ಟದ ಮೇಲಿನ ಶಿಬಿರದಲ್ಲಿ ಮೊದಲು ಎಪ್ಪತ್ತು ಜನರದು ತೆಗೆಯುತ್ತಿದ್ದ ಕಡೆ ಈಗ ಐವತ್ತಕ್ಕೆ ನಿಲ್ಲಿಸುತ್ತೇವೆ. ಸಂಘಟಕರಿಗೆ ಬೇಜಾರು, ಬ್ಯಾನರಿನಲ್ಲಿ ನೂರು ಅಂತ ಹಾಕಿಸಿರುತ್ತಾರೆ.

ಕಲ್ಚರ್ ಮಾತ್ರ ತಿಂಗಳಿಗೆ ನಾಲ್ಕರಿಂದ ಎಂಟಾಗಿದೆ, ಅಷ್ಟೇ. ಉಳಿದ ಚೀಲಗಳು ಬಾಟಲಿ ಕಾಣದೆಯೇ ಹೋಗುತ್ತವೆ. ಆ ಭಾನುವಾರ ನಾನು ಪಕ್ಕದ ಚೀಲ ಎತ್ತಿಕೊಂಡಿದ್ದರೆ ಇದೆಲ್ಲ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆ ಹುಡುಗಿಯ ಚಳಿ ಡೆಂಗಿಯ ಚಳಿಯಾಗಿಯೇ ಕೇಸ್ ಶೀಟ್‌ನಲ್ಲಿ ಉಳಿಯುತ್ತಿತ್ತು.

ಡಿಸೆಂಬರ್‌ನಲ್ಲಿ ಅದೇ ಶಾಲೆಯಲ್ಲಿ ಮತ್ತೆ ಶಿಬಿರ ಇತ್ತು. ಕೊನೆ ಕೊಯ್ಲಿನ ಹೊತ್ತು, ಅವನು ಬರಲಿಕ್ಕಿಲ್ಲ ಅಂದುಕೊಂಡಿದ್ದೆ. ಬಂದಿದ್ದ. ಕೈಯಲ್ಲಿ ನೀಲಿ ಇರಲಿಲ್ಲ, ಅಡಿಕೆ ಚೊಗರಿನ ಕಪ್ಪು ಇತ್ತು. ಮಂಚದ ಮೇಲೆ ಮಲಗಿ ಎಡಗೈ ಚಾಚಿದ. "ಈ ಕೈಯಲ್ಲಿ ಹೊಂಡ ಇಲ್ಲ, ನೋಡಿ ಅಕ್ಕೋರೆ."

ಹೊಂಡ ಇರಲಿಲ್ಲ, ಆದರೆ ನರವೂ ಬಲಗೈಯಷ್ಟು ಎದ್ದಿರಲಿಲ್ಲ. ಮೊದಲು ಒತ್ತಿ ನೋಡಿ ಜಾಗ ಮನಸ್ಸಿನಲ್ಲಿ ಗುರುತು ಮಾಡಿಕೊಂಡೆ. ಉಜ್ಜಿದೆ, ಮೂವತ್ತು ಎಣಿಸಿದೆ, ಒಣಗಲು ಬಿಟ್ಟೆ. ಸೂಜಿ ಎತ್ತುವಾಗ ಗುರುತು ತಪ್ಪಿದಂತಾಯಿತು. ಬೆರಳು ತಾನಾಗಿ ಮುಂದೆ ಹೋಗಿ ಅವನ ಕೈ ಮೇಲೆ ಕೂತಿತು. ಅವನು ನನ್ನ ಬೆರಳು ನೋಡಿದ, ನನ್ನ ಮುಖ ನೋಡಿದ, ಏನೂ ಹೇಳಲಿಲ್ಲ.

ಹೊಸ ಪೊಟ್ಟಣ ಹರಿದೆ. ಹೊರಗೆ ಡ್ರೈವರ್ ಹಾರ್ನ್ ಹೊಡೆದರು. ಮತ್ತೆ ಒಂದರಿಂದ ಎಣಿಸಲು ಶುರು ಮಾಡಿದೆ.